ಊರಿನ ಹುಲ್ಲುಗಾವಲು ಉಳಿಯುವುದು ಹೇಗೆ?

ಪ್ರಶ್ನೆ: ಎಲ್ಲರಿಗೂ ಸೇರಿದ ಕೆರೆ, ಕಾಡು, ಗೋಮಾಳಗಳು ಹಾಳಾಗಿಯೇ ತೀರುತ್ತವೆ, ಆದ್ದರಿಂದ ಅವನ್ನು ಸರ್ಕಾರಕ್ಕೋ ಖಾಸಗಿಯವರಿಗೋ ಒಪ್ಪಿಸಬೇಕು ಎನ್ನುತ್ತಾರೆ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ ಇದನ್ನು ಏಕೆ ಒಪ್ಪಲಿಲ್ಲ?

ಉತ್ತರ: ಈ ವಾದಕ್ಕೆ ಬಲ ಬಂದದ್ದು ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನದಿಂದ. ಬೇಲಿಯಿಲ್ಲದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಇನ್ನೊಂದು, ಮತ್ತೊಂದು ದನವನ್ನು ಅಟ್ಟುತ್ತಾನೆ, ಕೊನೆಗೆ ಯಾರಿಗೂ ಹುಲ್ಲು ಉಳಿಯುವುದಿಲ್ಲ ಎಂಬುದು ಅದರ ತಿರುಳು. ತರ್ಕವೇನೋ ಬಿಗಿಯಾಗಿದೆ, ಆದರೆ ಅದರಲ್ಲಿ ಬರುವ ದನಗಾಹಿಗಳು ಕೂತು ಮಾತನಾಡುವುದೇ ಇಲ್ಲ, ಕಟ್ಟಳೆ ಮಾಡಿಕೊಳ್ಳುವುದೂ ಇಲ್ಲ. ಆಸ್ಟ್ರಮ್ ಪ್ರಶ್ನಿಸಿದ್ದು ಇದನ್ನೇ.

ಅವರು 1990ರ ತಮ್ಮ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದೂರಿನ ಉದಾಹರಣೆ ಕೊಡುತ್ತಾರೆ. ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬಹುದು ಎಂಬ ನಿಯಮ ಅಲ್ಲಿ 1517ರಷ್ಟು ಹಿಂದೆಯೇ ಇತ್ತು. ಮೀರಿದವರಿಗೆ ದಂಡ, ದಂಡದ ಅರ್ಧ ಪಾಲು ವಸೂಲಿ ಮಾಡಿದ ಊರ ಅಧಿಕಾರಿಗೇ. ಇದರ ಜಾಣ್ಮೆಯನ್ನು ಗಮನಿಸಬೇಕು: ಯಾರ ಮನೆಯಲ್ಲಿ ಎಷ್ಟು ಹಸುಗಳಿವೆ ಎಂಬುದು ಚಳಿಗಾಲದಲ್ಲಿ ನೆರೆಹೊರೆಗೆಲ್ಲ ಗೊತ್ತಿರುವುದರಿಂದ ಸುಳ್ಳು ಲೆಕ್ಕ ನಡೆಯುವುದಿಲ್ಲ. ಟರ್ಕಿಯ ಅಲಾನ್ಯದ ಮೀನುಗಾರರು ಬಲೆ ಹಾಕುವ ಜಾಗಗಳನ್ನು ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ ಹಂಚಿಕೊಂಡು, ದಿನಕ್ಕೊಂದು ಜಾಗದಂತೆ ಮುಂದೆ ಸರಿಯುತ್ತಿದ್ದರು. ಒಳ್ಳೆಯ ಜಾಗ ಸರದಿಯಲ್ಲಿ ಎಲ್ಲರಿಗೂ ಸಿಗುತ್ತಿತ್ತು.

ಹಕ್ಕುದಾರರು ಯಾರೆಂಬುದು ಸ್ಪಷ್ಟವಾಗಿರಬೇಕು, ಬಳಸುವವರೇ ನಿಯಮ ಮಾಡಬೇಕು, ಕಾವಲುಗಾರರು ಅವರಿಗೇ ಉತ್ತರ ಹೇಳಬೇಕು, ದಂಡ ಮೊದಲು ಸಣ್ಣದಾಗಿದ್ದು ತಪ್ಪು ಮರುಕಳಿಸಿದರೆ ಏರಬೇಕು, ಮೇಲಿನ ಸರ್ಕಾರ ಈ ವ್ಯವಸ್ಥೆಯನ್ನು ಮಾನ್ಯ ಮಾಡಬೇಕು: ಊರವರ ಏರ್ಪಾಡು ಬಹುಕಾಲ ಬಾಳಿದ ಕಡೆಗಳಲ್ಲೆಲ್ಲ ಆಸ್ಟ್ರಮ್ ಅವರಿಗೆ ಇಂಥ ಲಕ್ಷಣಗಳು ಕಂಡವು. ನಮ್ಮ ಕೆರೆಗಳ ತೂಬು ತೆಗೆದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯನ್ನು ಬಲ್ಲವರಿಗೆ ಇದು ಹೊಸತೆನಿಸದು.

ಗಣಿತ ಸಾಲದೆಂಬ ಕಾರಣಕ್ಕೆ ಅರ್ಥಶಾಸ್ತ್ರದ ಪಿಎಚ್‌ಡಿಗೆ ಪ್ರವೇಶ ಸಿಗದೆ ರಾಜ್ಯಶಾಸ್ತ್ರ ಓದಿದ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಸಮುದಾಯಕ್ಕೆ ಒಪ್ಪಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅವರು ಹೇಳಲಿಲ್ಲ. ಕುಸಿದುಬಿದ್ದ ವ್ಯವಸ್ಥೆಗಳನ್ನೂ ಅದೇ ಪುಸ್ತಕದಲ್ಲಿ ಪರೀಕ್ಷಿಸಿದರು. ಒಂದೇ ಮದ್ದನ್ನು ಎಲ್ಲ ಊರಿಗೂ ಬರೆದುಕೊಡುವುದನ್ನು ಕೊನೆಯವರೆಗೂ ವಿರೋಧಿಸಿದರು.