ಮೊದಲ ಸಂಬಳದೊಂದಿಗೇ ಕಳಚಿಕೊಳ್ಳುವ ಆಸರೆ

ಕರ್ನಾಟಕದಲ್ಲಿ ಆದ್ಯತಾ ಕುಟುಂಬದ ಪಡಿತರ ಚೀಟಿ, ಅಂದರೆ ಜನರ ಬಾಯಲ್ಲಿರುವ ಬಿಪಿಎಲ್ ಕಾರ್ಡ್ ಸಿಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿರಬಾರದು. ತಿಂಗಳಿಗೆ ಹಂಚಿ ನೋಡಿದರೆ ಇದು 10 ಸಾವಿರ ರೂಪಾಯಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹುಡುಗಿಯ ಕನಿಷ್ಠ ವೇತನವೇ ಈ ಮೊತ್ತವನ್ನು ದಾಟುತ್ತದೆ. ಹಾಗಾಗಿ ಅಜ್ಜನ ಕಾಲದಿಂದ ಕೂಲಿಯಲ್ಲೇ ಬದುಕಿದ ಮನೆಯ ಒಬ್ಬ ಮಗಳು ಸಂಬಳದ ಚೀಟಿ ಬರುವ ಕೆಲಸಕ್ಕೆ ಸೇರಿದ ಕೂಡಲೇ, ಊರಿನಲ್ಲಿರುವ ಅವಳ ಅಪ್ಪ, ಅವ್ವ, ಅಜ್ಜಿ ಮತ್ತು ಶಾಲೆಗೆ ಹೋಗುವ ತಮ್ಮಂದಿರೆಲ್ಲರೂ ಸರ್ಕಾರದ ಲೆಕ್ಕದಲ್ಲಿ ಬಡತನದಿಂದ ಹೊರಗೆ ಬಂದುಬಿಡುತ್ತಾರೆ. ರಾಯಚೂರು ಮತ್ತು ಯಾದಗಿರಿ ಭಾಗದ ಹಳ್ಳಿಗಳಲ್ಲಿ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನಗಳ ಅರ್ಜಿಗಳ ವಿಷಯದಲ್ಲಿ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ ಬಂದ ಸಮಾಜ ಕಾರ್ಯಕರ್ತನಾಗಿ, ನಮ್ಮ ಕಲ್ಯಾಣ ಕಾರ್ಯಕ್ರಮಗಳಲ್ಲಿ ಮೊದಲು ತಿದ್ದಬೇಕಾದ ಲೋಪ ಇದೇ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಬಡತನ ಎಲ್ಲಾದರೂ ಮುರಿಯುವುದಿದ್ದರೆ ಅದು ಬಹುಪಾಲು ಇಂತಹ ಮೊದಲ ಸಂಬಳದಲ್ಲೇ. ಆದರೆ ಆ ಸಂಬಳ ಮೊದಲ ಎರಡು ಮೂರು ವರ್ಷ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನೆಯೊಳಗೆ ಕೂತು ಕೇಳಿದರೆ ಮಾತ್ರ ತಿಳಿಯುತ್ತದೆ. ಗುಳೆ ಹೋಗುವಾಗ ಮೇಸ್ತ್ರಿಯಿಂದ ಪಡೆದ ಮುಂಗಡದ ಬಾಕಿ, ಅಪ್ಪನ ಆಪರೇಷನ್ನಿಗೆ ಮಾಡಿದ ಕೈಸಾಲ, ಅಡವಿಟ್ಟ ಕಿವಿಯೋಲೆ, ಪಟ್ಟಣದಲ್ಲಿ ಹಿಡಿದ ಕೋಣೆಯ ಅಡ್ವಾನ್ಸ್, ಸೋರುವ ಮಾಡಿಗೆ ಹಾಕಿಸಬೇಕಾದ ತಗಡು ಇವೆಲ್ಲ ಮುಗಿಯುವವರೆಗೆ ಆ ಮನೆಯಲ್ಲಿ ಒಂದು ರೂಪಾಯಿಯೂ ಉಳಿತಾಯವಾಗುವುದಿಲ್ಲ. ಹಿಂದಿನ ತಲೆಮಾರಿನ ಸಾಲವನ್ನು ಹೊಸ ತಲೆಮಾರಿನ ದುಡಿಮೆ ತೀರಿಸುತ್ತಿರುವ ಕಾಲವದು. ಬ್ಯಾಂಕ್ ಖಾತೆಗೆ ಬರುವ ಹಣವನ್ನಷ್ಟೇ ನೋಡಿದರೆ ಕುಟುಂಬ ಮೇಲೆದ್ದಂತೆ ಕಾಣುತ್ತದೆ, ಆದರೆ ಹೊಲ, ಮನೆ, ದನಕರು, ಕೂಡಿಟ್ಟ ಹಣ ಯಾವುದರಲ್ಲೂ ಬದಲಾವಣೆ ಆಗಿರುವುದಿಲ್ಲ. ಒಂದು ಜ್ವರವೋ, ಕಾರ್ಖಾನೆ ಮುಚ್ಚಿದ ಸುದ್ದಿಯೋ ಸಾಕು, ಎಲ್ಲರೂ ಮತ್ತೆ ಮುಂಗಡದ ಕೂಲಿಗೆ ಮರಳುತ್ತಾರೆ. ಸರಿಯಾಗಿ ಈ ಹೊತ್ತಿನಲ್ಲೇ ನಮ್ಮ ನಿಯಮ ಆಸರೆಯನ್ನು ತೆಗೆಯುತ್ತದೆ.

ಕಾರ್ಡ್ ಹೋದರೆ ಅಕ್ಕಿಯಷ್ಟೇ ಹೋಗುತ್ತದೆ ಎಂದು ದೂರದಿಂದ ನೋಡುವವರಿಗೆ ಅನ್ನಿಸಬಹುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯದ ಹಕ್ಕಿದೆ. ಐದು ಜನರ ಮನೆಗೆ 25 ಕೆ.ಜಿ. ಎಂದರೆ ಅದೇನೂ ಸಣ್ಣ ಮಾತಲ್ಲ. ಆದರೂ ಕಾರ್ಡಿನ ನಿಜವಾದ ಬೆಲೆ ತಿಳಿಯುವುದು ಆಸ್ಪತ್ರೆಯಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್, ಅಂದರೆ ಬಡತನ ರೇಖೆಗಿಂತ ಮೇಲಿನ ಕುಟುಂಬಕ್ಕೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ. ಅಂದರೆ ತಿಂಗಳ ಆದಾಯ 10 ಸಾವಿರದಿಂದ 11 ಸಾವಿರಕ್ಕೆ ಏರಿದ ಮನೆಯವರು, ಹೃದಯದ ಶಸ್ತ್ರಚಿಕಿತ್ಸೆಯೊಂದು ಎದುರಾದರೆ ಅದರ ಹೆಚ್ಚಿನ ಭಾಗವನ್ನು ಕೈಯಿಂದಲೇ ಹೊಂದಿಸಬೇಕು. ಸಾವಿರ ರೂಪಾಯಿ ಹೆಚ್ಚು ದುಡಿದದ್ದಕ್ಕೆ ಲಕ್ಷಗಟ್ಟಲೆ ರೂಪಾಯಿಯ ರಕ್ಷಣೆ ಕಳೆದುಕೊಳ್ಳುವಂತೆ ಮಾಡುವ ನಿಯಮವನ್ನು ಯಾವ ದೃಷ್ಟಿಯಿಂದಲೂ ಸಮರ್ಥಿಸಲು ಸಾಧ್ಯವಿಲ್ಲ.

ಇಲ್ಲಿ ಇನ್ನೊಂದು ಅನ್ಯಾಯವೂ ಸೇರಿಕೊಂಡಿದೆ. ಕೂಲಿ, ಹಮಾಲಿ, ಗಾರೆ ಕೆಲಸಗಳ ಆದಾಯಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಬರೆಯುವ ಮೊತ್ತ ಅಂದಾಜಿನದ್ದೇ ಆಗಿರುತ್ತದೆ. ಬಡ್ಡಿ ವ್ಯವಹಾರ ಮಾಡುವವರ ಆದಾಯವೂ ಹೀಗೆಯೇ ಯಾರ ಕಣ್ಣಿಗೂ ಬೀಳುವುದಿಲ್ಲ. ಭವಿಷ್ಯ ನಿಧಿ ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗಿ ಖಾತೆಗೆ ಸಂಬಳ ಪಡೆಯುವವರ ದುಡಿಮೆ ಮಾತ್ರ ಪೈಸೆ ಪೈಸೆಯೂ ಕಾಣುತ್ತದೆ. ಹೀಗಾಗಿ ಅಸಂಘಟಿತ ಕೂಲಿಯಿಂದ ಕಾನೂನುಬದ್ಧ ಉದ್ಯೋಗಕ್ಕೆ ಬಂದವರ ಮೇಲೆಯೇ ಈ ಮಿತಿಯ ಭಾರ ಬೀಳುತ್ತದೆ. ಬಡತನದಿಂದ ಹೊರಬರಲು ಸರ್ಕಾರವೇ ತೋರಿಸುವ ದಾರಿ ಅದೇ ಉದ್ಯೋಗವಲ್ಲವೇ?

ಕುಟುಂಬಗಳು ಇದಕ್ಕೆ ತಮ್ಮದೇ ಉಪಾಯಗಳನ್ನು ಹುಡುಕಿಕೊಂಡಿವೆ. ದುಡಿಯುವ ಮಗನ ಹೆಸರನ್ನು ಕಾರ್ಡಿನಿಂದ ತೆಗೆಸುವುದು ಎಲ್ಲಕ್ಕಿಂತ ಸಾಮಾನ್ಯವಾದದ್ದು. "ಅವನ ಹೆಸರ ತಗದುಬಿಡ್ರಿ ಸರ, ಕಾರ್ಡ್ ಒಂದ್ ಉಳಿದ್ರ ಸಾಕು" ಎಂಬ ಮಾತನ್ನು ತಾಯಂದಿರ ಬಾಯಿಂದ ಪದೇ ಪದೇ ಕೇಳಿದ್ದೇನೆ. ಮದುವೆಯಾಗಿ ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಕಾಗದದ ಮೇಲೆ ಬೇರೆಯಾಗುತ್ತಾರೆ. ಕೆಲವರು ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸದೆ ಕೈಗೇ ಹಣ ಕೊಡಿ ಎಂದು ಗುತ್ತಿಗೆದಾರರನ್ನು ತಾವಾಗಿಯೇ ಕೇಳಿಕೊಳ್ಳುತ್ತಾರೆ. ಇದು ನನಗೆ ಅತ್ಯಂತ ನೋವು ತರುವ ಸಂಗತಿ. ಏಕೆಂದರೆ ಆ ಒಂದು ಕೋರಿಕೆಯಿಂದ ಅವರು ಭವಿಷ್ಯ ನಿಧಿ, ಇಎಸ್‌ಐ ಚಿಕಿತ್ಸೆ, ಗ್ರಾಚ್ಯುಟಿ, ಅಪಘಾತದ ಪರಿಹಾರ ಎಲ್ಲವನ್ನೂ ಬಿಟ್ಟುಕೊಟ್ಟು, ಅಪ್ಪನ ಹಾಗೆಯೇ ದಾಖಲೆಯಿಲ್ಲದ ಕೂಲಿಗಳಾಗಿ ಉಳಿದುಬಿಡುತ್ತಾರೆ. ಇದನ್ನು ಸುಳ್ಳು ಹೇಳಿ ಸವಲತ್ತು ಪಡೆಯುವ ಚಾಳಿ ಎಂದು ಕರೆಯುವವರು, ಅವರ ಜಾಗದಲ್ಲಿ ನಿಂತು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಸರ್ಕಾರಗಳು ಕಾರ್ಡುಗಳ ಸಂಖ್ಯೆ ಇಳಿಸಲು ಏಕೆ ಇಷ್ಟು ಆತುರಪಡುತ್ತವೆ ಎಂಬುದಕ್ಕೂ ಕಾರಣವಿದೆ. ಕೇಂದ್ರವು ರಾಜ್ಯಗಳಿಗೆ ಧಾನ್ಯ ಹಂಚುವುದು ಇಂದಿಗೂ 2011ರ ಜನಗಣತಿಯ ಆಧಾರದ ಮೇಲೆ. ಕರ್ನಾಟಕಕ್ಕೆ ನಿಗದಿಯಾದ ಫಲಾನುಭವಿಗಳ ಸಂಖ್ಯೆ ಸುಮಾರು 4.01 ಕೋಟಿ. ಅದಕ್ಕಿಂತ ಹೆಚ್ಚಿನವರಿಗೆ ಕೊಡುವ ಧಾನ್ಯದ ವೆಚ್ಚವನ್ನು ರಾಜ್ಯವೇ ಹೊರಬೇಕು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗದ್ದಲಕ್ಕೆ ಕಾರಣವಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರ ಕಾರ್ಡುಗಳನ್ನು ಮಾತ್ರ ರದ್ದು ಮಾಡಿ, ಉಳಿದವರ ಕಾರ್ಡುಗಳನ್ನು ಮರಳಿಸಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. ಅದು ಒಳ್ಳೆಯ ನಿರ್ಧಾರವೇ ಆಗಿತ್ತು. ಆದರೆ 1.20 ಲಕ್ಷದ ಮಿತಿ ಪುಸ್ತಕದಲ್ಲಿ ಇರುವವರೆಗೆ ಮುಂದಿನ ಪರಿಷ್ಕರಣೆಯ ಭಯ ಆ ಕುಟುಂಬಗಳನ್ನು ಬಿಡುವುದಿಲ್ಲ.

ರಾಜ್ಯದ್ದೇ ಇನ್ನೊಂದು ಯೋಜನೆ ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿಸಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಬಗೆಯ ಕಾರ್ಡಿನ ಯಜಮಾನಿಯರಿಗೆ ಸಲ್ಲುತ್ತದೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಮಾತ್ರ ಅದು ಸಿಗುವುದಿಲ್ಲ. ಮಗಳು ಗಾರ್ಮೆಂಟ್ಸ್ ಸೇರಿದಳೆಂದು ತಾಯಿಯ ಹಣ ನಿಲ್ಲುವುದಿಲ್ಲ. ಗೃಹಲಕ್ಷ್ಮಿಯಂತಹ ಗ್ಯಾರಂಟಿ ಯೋಜನೆಗಳ ಬಗ್ಗೆ ನಡೆಯುವ ಬಿಸಿ ಚರ್ಚೆಯಲ್ಲಿ ಈ ಗುಣವನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಬ್ರೆಜಿಲ್ ದೇಶ ಇದೇ ಸಮಸ್ಯೆಗೆ ನಿಯಮದಲ್ಲೇ ಉತ್ತರ ಬರೆದುಕೊಂಡಿದೆ. 2003ರಲ್ಲಿ ಆರಂಭವಾದ ಅಲ್ಲಿನ ಬೋಲ್ಸಾ ಫಮಿಲಿಯಾ ಯೋಜನೆ, ಮಕ್ಕಳ ಶಾಲಾ ಹಾಜರಾತಿ ಮತ್ತು ಲಸಿಕೆಯ ಷರತ್ತಿನ ಮೇಲೆ ಬಡ ಕುಟುಂಬಗಳಿಗೆ ನಗದು ಕೊಡುತ್ತದೆ. 2023ರಲ್ಲಿ ಅದನ್ನು ಹೊಸದಾಗಿ ರೂಪಿಸಿದಾಗ ರಕ್ಷಣಾ ನಿಯಮಕ್ಕೆ ಸ್ಪಷ್ಟ ಸ್ವರೂಪ ಕೊಟ್ಟರು. ಕುಟುಂಬದ ತಲಾ ಆದಾಯ ಅರ್ಹತೆಯ ಗೆರೆಯನ್ನು ದಾಟಿದರೂ ಕನಿಷ್ಠ ವೇತನದ ಅರ್ಧದೊಳಗೆ ಇದ್ದರೆ, ಎರಡು ವರ್ಷದವರೆಗೆ ನೆರವಿನ ಅರ್ಧ ಭಾಗ ಮುಂದುವರಿಯುತ್ತದೆ. 2025ರಲ್ಲಿ ಹೊಸದಾಗಿ ಈ ನಿಯಮದೊಳಗೆ ಬರುವ ಬಹುತೇಕ ಕುಟುಂಬಗಳಿಗೆ ಈ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದ್ದಾರೆ. ಇದರ ಜೊತೆಗೆ ಮರಳುವ ಭರವಸೆಯೂ ಇದೆ. ಹೀಗೆ ಹೊರಹೋದ ಕುಟುಂಬ 36 ತಿಂಗಳೊಳಗೆ ಮತ್ತೆ ಬಡತನಕ್ಕೆ ಬಿದ್ದರೆ, ಸರದಿಯ ಕೊನೆಗೆ ನಿಲ್ಲದೆ ಆದ್ಯತೆಯ ಮೇಲೆ ಯೋಜನೆಗೆ ಮರಳಬಹುದು.

ನನ್ನ ಅನುಭವದಲ್ಲಿ ಈ ಎರಡನೆಯ ಭರವಸೆಯೇ ನಮಗೆ ಹೆಚ್ಚು ಬೇಕಾದದ್ದು. ಹೊಸ ಬಿಪಿಎಲ್ ಕಾರ್ಡಿನ ಅರ್ಜಿ ಸ್ವೀಕಾರ ನಮ್ಮಲ್ಲಿ ಆಗಾಗ ನಿಂತುಹೋಗುತ್ತದೆ. ಹಾಕಿದ ಅರ್ಜಿಗಳೂ ದೀರ್ಘಕಾಲ ಬಾಕಿ ಉಳಿಯುತ್ತವೆ. ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದು ಗೊತ್ತಿರುವುದರಿಂದಲೇ ಜನ ಕಾರ್ಡನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಕಷ್ಟ ಬಂದ ತಿಂಗಳಲ್ಲೇ ಕಾರ್ಡ್ ಮರಳುತ್ತದೆ ಎಂಬ ಲಿಖಿತ ಖಾತರಿ ಇದ್ದರೆ, ನೆಲೆ ಕಂಡುಕೊಂಡ ಮನೆಯವರು ತಾವಾಗಿಯೇ ಬಿಟ್ಟುಕೊಡಲು ಮುಂದೆ ಬಂದಾರು.

ಇದಕ್ಕೆ ಹೊಸ ಯಂತ್ರಾಂಗವೇನೂ ಬೇಕಿಲ್ಲ. ಪಡಿತರ ಚೀಟಿಗೆ ಜೋಡಿಸಿದ ಕುಟುಂಬ ತಂತ್ರಾಂಶದಲ್ಲಿ ರಾಜ್ಯದ ಬಹುಪಾಲು ಮನೆಗಳ ವಿವರ ಈಗಾಗಲೇ ಇದೆ. ಅನರ್ಹರನ್ನು ಪತ್ತೆ ಹಚ್ಚಲು ಬಳಸಬಹುದಾದ ಮಾಹಿತಿಯಿಂದಲೇ, ಹೊಸದಾಗಿ ಸಂಬಳಕ್ಕೆ ಸೇರಿದ ಸದಸ್ಯರಿರುವ ಮನೆಗಳನ್ನು ಗುರುತಿಸಿ, ಆ ದಿನಾಂಕದಿಂದ ಮೂರು ವರ್ಷ ಕಾರ್ಡನ್ನು ಮುಟ್ಟಬಾರದೆಂದು ಆದೇಶ ಹೊರಡಿಸಬಹುದು. ಆ ಬಳಿಕ ಧಾನ್ಯವನ್ನು ಕಡಿಮೆ ಮಾಡಿದರೂ ಆರೋಗ್ಯ ರಕ್ಷಣೆಯನ್ನು ಇನ್ನೂ ಕೆಲವು ವರ್ಷ ಪೂರ್ತಿಯಾಗಿ ಉಳಿಸಬೇಕು. ಆದಾಯ ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸಿ, ವೇತನ ಪರಿಷ್ಕರಣೆಯಾದಾಗಲೆಲ್ಲ ಅದೂ ಏರುವಂತೆ ಮಾಡಬೇಕು. ಖರ್ಚು ಹೆಚ್ಚುತ್ತದೆ, ನಿಜ. ಆದರೆ ಮೇಲೆದ್ದ ಮನೆ ಮತ್ತೆ ಬಿದ್ದರೆ ಇನ್ನೊಂದು ತಲೆಮಾರಿನವರೆಗೆ ಅದನ್ನು ಪೊರೆಯುವ ಖರ್ಚನ್ನೂ ಇದರ ಪಕ್ಕದಲ್ಲಿಟ್ಟು ನೋಡುವುದು ನ್ಯಾಯ.

ಸಂಬಳದ ದಾರಿಯೇ ಇಲ್ಲದ ಮನೆಗಳ ವಿಷಯ ಬೇರೆ. ಒಂಟಿ ವೃದ್ಧೆಯರು, ಅಂಗವಿಕಲರನ್ನೇ ನೋಡಿಕೊಳ್ಳಬೇಕಾದ ತಾಯಂದಿರು, ದಾಖಲೆಗಳೇ ಇಲ್ಲದ ಅಲೆಮಾರಿಗಳು ಅರ್ಜಿಯವರೆಗೂ ತಲುಪುವುದಿಲ್ಲ. ಕೇರಳ ಇಂತಹ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಮನೆಗೂ ಪ್ರತ್ಯೇಕ ಯೋಜನೆ ಬರೆದು, 2025ರ ನವೆಂಬರ್ 1ರಂದು ತಾನು ಅತಿ ಬಡತನದಿಂದ ಮುಕ್ತವೆಂದು ಘೋಷಿಸಿಕೊಂಡಿತು. ಆ ಘೋಷಣೆಯನ್ನು ಅಲ್ಲಿನ ಕೆಲವು ತಜ್ಞರು ಪ್ರಶ್ನಿಸಿದ್ದಾರೆ. ಆದರೂ ಮನೆಯಿಂದ ಯೋಜನೆಯ ಕಡೆಗೆ ಹೋಗುವ ಆ ಕ್ರಮವನ್ನು, ಕರ್ನಾಟಕದ ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿದ 39 ತಾಲ್ಲೂಕುಗಳಲ್ಲಾದರೂ ಪ್ರಯತ್ನಿಸಬಹುದು.

ನಿಯಮ ಬದಲಾಗುವವರೆಗೆ, ಮನೆಯಲ್ಲಿ ಹೊಸದಾಗಿ ಸಂಬಳ ಬರುತ್ತಿರುವವರಿಗೆ ನಾನು ಹೇಳುವುದಿಷ್ಟು. ಭವಿಷ್ಯ ನಿಧಿ, ಇಎಸ್‌ಐ ಬೇಡವೆಂದು ಎಂದೂ ಹೇಳಬೇಡಿ. ಇಎಸ್‌ಐಗೆ ಕಾರ್ಮಿಕರ ಸಂಬಳದಿಂದ ಕಡಿತವಾಗುವುದು ಶೇ 0.75 ಮಾತ್ರ, ಮಾಲೀಕರು ಶೇ 3.25 ಕಟ್ಟಬೇಕು. ಊರಿನಲ್ಲಿರುವ ಅವಲಂಬಿತ ತಂದೆತಾಯಿಯ ಹೆಸರನ್ನೂ ಅದರಲ್ಲಿ ನೋಂದಾಯಿಸಿ. ಪಡಿತರ ಚೀಟಿ ರದ್ದತಿಯ ನೋಟಿಸ್ ಬಂದರೆ ಸುಮ್ಮನೆ ಕೂರದೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ನಿವಾರಣಾಧಿಕಾರಿಯೂ, ಅವರ ಆದೇಶದ ಮೇಲೆ ರಾಜ್ಯ ಆಹಾರ ಆಯೋಗದಲ್ಲಿ ಮೇಲ್ಮನವಿಗೆ ಅವಕಾಶವೂ ಇವೆ. ಆ ಎರಡೂ ಬಾಗಿಲುಗಳನ್ನು ತಟ್ಟುವವರ ಸಂಖ್ಯೆ ಇಂದು ತೀರಾ ಕಡಿಮೆ.