ಆ ಒಂದನ್ನು ಕಳೆಯುವುದೇಕೆ?

ಸರತಿ ಸಾಲುಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಗಣಕದಲ್ಲಿ ಅಣಕು ಮಾಡಿ ನೋಡುವ ತಂತ್ರಾಂಶ ಬರೆಯುವುದು ನನ್ನ ವೃತ್ತಿ. ಯಾರು ಯಾವ ಕೌಂಟರಿಗೆ ಹೋಗುತ್ತಾರೆಂದು ತೀರ್ಮಾನಿಸಲು ಕ್ರಮವಿಲ್ಲದಂತೆ ತೋರುವ ಸಂಖ್ಯೆಗಳ ಸರಣಿ ಬೇಕಾಗುತ್ತದೆ. ನಾವು ಬಳಸುತ್ತಿದ್ದ ಸೂತ್ರ ಸರಳ: ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 214,74,83,647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳುವುದು. ಈ ಭಾಜಕ 2ರ 31ನೆಯ ಘಾತಕ್ಕಿಂತ ಒಂದು ಕಡಿಮೆ. ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರು ಲೆಕ್ಕ ಬೇಗ ಮುಗಿಯಲೆಂದು ಆ ಒಂದನ್ನು ಕಳೆಯುವುದನ್ನೇ ಬಿಟ್ಟರು. ಎಂಟು ಕೌಂಟರುಗಳ ಪೈಕಿ ಎರಡರ ಮುಂದೆ ಮಾತ್ರ ಜನ ನಿಂತರು. ಉಳಿದ ಆರು ಖಾಲಿ. ಕೌಂಟರನ್ನು ಆರಿಸಲು 1ರಿಂದ ಹೊರಟ ಸರಣಿಯ ಸಂಖ್ಯೆಗಳನ್ನು 8ರಿಂದ ಭಾಗಿಸಿದಾಗ ಶೇಷ 1, 7, 1, 7 ಎಂದೇ ಬರುತ್ತಿತ್ತು.

ವ್ಯತ್ಯಾಸವೆಲ್ಲ ಅವಿಭಾಜ್ಯತೆಯದು: ಒಂದನ್ನು ಕಳೆದ ಭಾಜಕ ಅವಿಭಾಜ್ಯ ಸಂಖ್ಯೆ, ಕಳೆಯದ್ದು ಅಲ್ಲ. ಭಾಜಕ 7 ಎಂದುಕೊಂಡು 1ರಿಂದ ಆರಂಭಿಸಿ ಪ್ರತಿ ಸಲ 3ರಿಂದ ಗುಣಿಸಿದರೆ 1, 3, 2, 6, 4, 5 ಎಂದು ಆರೂ ಶೇಷಗಳು ಬಂದ ಮೇಲಷ್ಟೇ ಮತ್ತೆ 1 ಸಿಗುತ್ತದೆ. ಭಾಜಕ 8 ಆದರೆ ಅದೇ 3 ನಮ್ಮನ್ನು 1, 3, 1, 3 ಎಂದು ಸುತ್ತಿಸುತ್ತದೆ. ಹಾಗೆಂದು ಯಾವ ಗುಣಕವಾದರೂ ಸಾಲದು: 7ರ ಮುಂದೆ 2 ಅನ್ನು ಬಳಸಿದರೆ 1, 2, 4ಕ್ಕೇ ಸುತ್ತು ಮುಗಿಯುತ್ತದೆ. ನಮ್ಮ ದೊಡ್ಡ ಸಂಖ್ಯೆಯಿಂದ ಒಂದನ್ನು ಕಳೆದರೆ ಸಿಗುವ 214,74,83,646ರ ಅಪವರ್ತನಗಳು 2, 3, 3, 7, 11, 31, 151, 331. ಪೂರ್ಣ ಸುತ್ತು ಹಾಕಿಸುವ ಅತಿ ಚಿಕ್ಕ ಗುಣಕ 7; ಈ ಪಟ್ಟಿಯಲ್ಲಿ 5 ಇಲ್ಲದ್ದರಿಂದ 7ರ ಐದನೆಯ ಘಾತವಾದ 16807ಕ್ಕೂ ಅದೇ ಗುಣವಿದೆ. ನನಗೆ ಇಡೀ ಸೂತ್ರದಲ್ಲಿ ಅತ್ಯಂತ ಸುಂದರವೆನಿಸುವುದು ಈ ಸಣ್ಣ ಸಂಗತಿಯೇ.

ಈ ಸಂಖ್ಯೆ ಅವಿಭಾಜ್ಯವೆಂದು 1772ರಲ್ಲಿ ತೋರಿಸಿದವರು, ಆ ಹೊತ್ತಿಗೆ ದೃಷ್ಟಿ ಬಹುತೇಕ ಕಳೆದುಕೊಂಡಿದ್ದ ಗಣಿತಜ್ಞ ಆಯ್ಲರ್. ವರ್ಗಮೂಲ 46,340ರವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡುವ ಅಗತ್ಯವಿರಲಿಲ್ಲ. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದಿದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1, 8ರಿಂದ ಭಾಗಿಸಿದಾಗ 1 ಅಥವಾ 7 ಬರಲೇಬೇಕು. ಎರಡನ್ನೂ ಕೂಡಿಸಿ ನೋಡಿದರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಪರೀಕ್ಷೆಗೆ ನಿಲ್ಲುತ್ತವೆ. 63 ಸ್ವತಃ ವಿಭಾಜ್ಯವಾದ್ದರಿಂದ ಅದನ್ನು ಬಿಟ್ಟರೆ ಅಂಥವು 372 ಮಾತ್ರ.

ಸಹೋದ್ಯೋಗಿ ಬಯಸಿದ ವೇಗವೂ ಈ ಸಂಖ್ಯೆಯಲ್ಲೇ ಇತ್ತು. 10ನ್ನು 9ರಿಂದ ಭಾಗಿಸಿದರೆ 1 ಉಳಿಯುವ ಕಾರಣ, ಅಂಕಿಗಳನ್ನು ಕೂಡಿ 9ರ ಶೇಷ ಹೇಳುವುದನ್ನು ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿಯೂ ಹಾಗೆಯೇ: 2ರ 31ನೆಯ ಘಾತವನ್ನು ನಮ್ಮ ಭಾಜಕದಿಂದ ಭಾಗಿಸಿದರೆ 1 ಉಳಿಯುತ್ತದೆ. 28,24,75,249 ಅನ್ನು 16807ರಿಂದ ಗುಣಿಸಿದಾಗ ಬರುವ 4747561509943ರಲ್ಲಿ 2ರ 31ನೆಯ ಘಾತ 2,210 ಸಲ ಅಡಗಿ, 162,26,47,863 ಮಿಗುತ್ತದೆ; ಇವೆರಡನ್ನೂ ಕೂಡಿದರೆ 162,26,50,073, ಅದೇ ನಮಗೆ ಬೇಕಾದ ಶೇಷ. ಗಣಕಕ್ಕೆ ಇದು ದ್ವಿಮಾನ ಅಂಕಿಗಳನ್ನು ಪಕ್ಕಕ್ಕೆ ಸರಿಸಿ ಕೂಡುವ ಕೆಲಸವಷ್ಟೇ, ಭಾಗಾಕಾರವೇ ಬೇಡ.

ಈ ಸರಣಿಯನ್ನು ಒಟಿಪಿಗೋ ಗುಪ್ತಪದಕ್ಕೋ ಎಂದಿಗೂ ಬಳಸಬಾರದು, ಏಕೆಂದರೆ ಒಂದು ಸಂಖ್ಯೆ ಗೊತ್ತಾದರೆ ಮುಂದಿನವೆಲ್ಲ ಗೊತ್ತಾದಂತೆ. ಅಣಕು ಲೆಕ್ಕಕ್ಕೆ ಬಳಸುವವರು 1ರಿಂದ ಹೊರಟು ಹತ್ತು ಸಾವಿರ ಸಲ ಸೂತ್ರವನ್ನು ನಡೆಸಿ ನೋಡಲಿ: 104,36,18,065 ಬರಬೇಕು. ಒಂದನ್ನು ಮತ್ತೆ ಕಳೆದ ಮೇಲೆ ನಮ್ಮ ಪರದೆಯಲ್ಲಿ ಅದೇ ಬಂತು, ಎಂಟು ಕೌಂಟರುಗಳ ಮುಂದೆಯೂ ಜನ ನಿಂತರು.