ಬೆಸುಗೆ ಬಾರದ ಗಿಟಾರಿಸ್ಟ್ ಪೆಡಲ್ ತಯಾರಿಯಲ್ಲಿ ಏನು ಮಾಡಬೇಕು?

ಪ್ರಶ್ನೆ: ನಾನು ವರ್ಷಗಳಿಂದ ಮೆಚ್ಚಿಕೊಂಡು ಬಂದ ಪೆಡಲ್ ತಯಾರಕರೊಬ್ಬರು ನನ್ನ ಜೊತೆ ಸೇರಿ ಒಂದು ಫಜ್ ಪೆಡಲ್ (ಗಿಟಾರಿನ ನಾದವನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಮಾಡಲು ಒಪ್ಪಿದ್ದಾರೆ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ, ಬೆಸುಗೆ ಹಾಕಲೂ ಬರುವುದಿಲ್ಲ. ಅವರೆದುರು ಕೂತು ನಾನು ಮಾಡುವುದಾದರೂ ಏನು?

ಉತ್ತರ: ‘ಇದು ಬೇಡ’ ಅನ್ನುವುದು. ತಮಾಷೆಗೆ ಹೇಳುತ್ತಿಲ್ಲ, ನಿಮ್ಮಿಂದ ಆಗಬೇಕಾದ ಮುಖ್ಯ ಕೆಲಸವೇ ಅದು. ಮೆಚ್ಚಿದವರ ಮುಂದೆ ಕೂತಾಗ ನಾಲಿಗೆ ತಾನಾಗಿ ‘ಸೂಪರ್ ಸಾರ್’ ಅನ್ನುತ್ತದೆ. ಮೂರು ಸಲ ಹಾಗಂದರೆ ಮುಗಿಯಿತು: ಅವರು ಆಗಲೇ ಮಾಡಿಟ್ಟಿದ್ದ ಪೆಡಲ್ಲನ್ನೇ ನಿಮ್ಮ ಇಷ್ಟದ ಬಣ್ಣದ ಡಬ್ಬಿಯಲ್ಲಿ ಮನೆಗೆ ತರುತ್ತೀರಿ.

ಈ ಜೊತೆಗಾರಿಕೆಗೆ ನನಗೆ ಮೊದಲು ನೆನಪಾಗುವುದು ರೋಜರ್ ಮೇಯರ್ ಮತ್ತು ಅಮೆರಿಕದ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್. ಮೇಯರ್ ಬ್ರಿಟಿಷ್ ನೌಕಾಪಡೆಯ ಸಂಶೋಧನಾಲಯದಲ್ಲಿ ಕಂಪನ ಮತ್ತು ಶಬ್ದದ ಮೇಲೆ ಕೆಲಸ ಮಾಡಿದವರು. ಬಿಡುವಿನಲ್ಲಿ ಗಿಟಾರಿಸ್ಟ್ ಗೆಳೆಯರಿಗೆ ಫಜ್ ಪೆಟ್ಟಿಗೆ ಕಟ್ಟಿಕೊಡುತ್ತಿದ್ದರು. 1967ರ ಆರಂಭದಲ್ಲಿ ಲಂಡನ್ನಿನ ಕ್ಲಬ್ ಒಂದರಲ್ಲಿ ಹೆಂಡ್ರಿಕ್ಸ್ ನುಡಿಸಿದ್ದು ಕೇಳಿ ಪರಿಚಯ ಮಾಡಿಕೊಂಡರು, ತಾವು ಕಟ್ಟಿದ ‘ಆಕ್ಟೇವಿಯಾ’ ಎಂಬ ಪೆಡಲ್ ತೋರಿಸಿದರು. ಕೆಲವೇ ವಾರಗಳಲ್ಲಿ ಅದು ‘ಪರ್ಪಲ್ ಹೇಜ್’ ಹಾಡಿನ ಸೋಲೋದಲ್ಲಿತ್ತು.

ಅದರ ಕೆಲಸ ಅರ್ಥವಾಗಲು ಎಂಜಿನಿಯರಿಂಗ್ ಬೇಡ. ತಂತಿಯ ಕಂಪನ ವಿದ್ಯುತ್ತಾಗಿ ಬರುವಾಗ ಮೇಲೊಮ್ಮೆ ಕೆಳಗೊಮ್ಮೆ ತೂಗುವ ಅಲೆ. ಆಕ್ಟೇವಿಯಾ ಕೆಳಗಿನ ಅರ್ಧವನ್ನು ಮಡಚಿ ಮೇಲಕ್ಕೆ ತರುತ್ತದೆ. ಒಂದು ಉಬ್ಬು ಇದ್ದಲ್ಲಿ ಎರಡಾಗುತ್ತವೆ. 440 ಹರ್ಟ್ಸ್‌ನ ಸ್ವರದ ಮೇಲೆ 880 ಹರ್ಟ್ಸ್ ಕೂತು ಕೇಳುತ್ತದೆ. ಮಧ್ಯ ಷಡ್ಜ ಹಿಡಿದರೆ ತಾರ ಷಡ್ಜ ಬಂದಂತೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಮಾತ್ರ ಎಲ್ಲ ಕಲಸಿ ಗಂಜಿ! ಕುತ್ತಿಗೆ ಕಡೆಯ ಪಿಕಪ್ಪು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಟೋನ್ ಇಳಿಸಿದ್ದು, 12ನೇ ಫ್ರೆಟ್ ದಾಟಿದ ಒಂಟಿ ಸ್ವರ: ಆಗ ಅದು ಹಾಡುತ್ತದೆ. ಈ ಗುಟ್ಟು ಬಿಟ್ಟುಕೊಡುವುದು ಬೆರಳು, ಮೀಟರ್ ಅಲ್ಲ. ಹೆಂಡ್ರಿಕ್ಸ್ ತನಗೆ ಬೇಕಾದ ನಾದವನ್ನು ಬಣ್ಣಗಳ ಹೆಸರಿನಲ್ಲಿ ಹೇಳುತ್ತಿದ್ದ ಎಂದು ಜೊತೆಗೆ ದುಡಿದವರು ನೆನೆಯುತ್ತಾರೆ. ಬಣ್ಣವನ್ನು ರೆಸಿಸ್ಟರ್ ಆಗಿಸುವ ತಲೆನೋವು ಎದುರಿನವರದು.

ಹಾಗಾಗಿ ನಿಮಗೆ ಪರಿಭಾಷೆ ಬೇಕಿಲ್ಲ. ‘ಕಂಬಳಿ ಹೊದ್ದಂತಿದೆ’, ‘ಕಿವಿಗೆ ಸೂಜಿ ಚುಚ್ಚಿದಂತಿದೆ’, ‘ಸ್ವರ ಸಾಯುವಾಗ ಕೆಮ್ಮುತ್ತದೆ’ ಅನ್ನಿ, ಸಾಕು. ಕಂಬಳಿ ಅಂದರೆ ಅವರು ಒಳಬರುವ ದಾರಿಯ ಕೆಪಾಸಿಟರ್ ಚಿಕ್ಕದು ಮಾಡಿ ಮಂದ್ರ ಕಡಿಮೆ ಮಾಡುತ್ತಾರೆ. ಕೆಮ್ಮು ಅಂದರೆ ಟ್ರಾನ್ಸಿಸ್ಟರ್‌ನ ಬಯಾಸ್, ಅಂದರೆ ನಾದವಿಲ್ಲದಾಗಲೂ ಅದಕ್ಕೆ ಸಿಗುವ ವೋಲ್ಟೇಜ್, ನೋಡುತ್ತಾರೆ. ತಂಬೂರಿಯ ಕುದುರೆಯ ಮೇಲೆ ಎಳೆ ದಾರ ಸರಿಸುತ್ತಾ ‘ಈಗ? ಈಗ?’ ಎಂದು ಕೇಳುವವರನ್ನು ನೋಡಿದ್ದರೆ ಈ ಆಟ ನಿಮಗೆ ಹೊಸದಲ್ಲ.

ಫಜ್ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 1966ರಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲ್ ಒಳಗೆ ಇರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ತಿರುಗುಗುಂಡಿ. ಒಟ್ಟು ಹನ್ನೊಂದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಬಹುಪಾಲು ಸಿಗುತ್ತವೆ. ಹಾಗಾದರೆ ಕುಶಲಕರ್ಮಿ ಯಾಕೆ? ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದೇ ನಂಬರಿನ ನೂರು ತಂದು ಒಂದೊಂದರ ಗೇನ್ (ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ) ಮತ್ತು ಸೋರಿಕೆ (ತಾನಾಗಿ ಹರಿದುಹೋಗುವ ವಿದ್ಯುತ್) ಅಳೆದು, ಹೊಂದುವ ಜೋಡಿ ಹುಡುಕಬೇಕು. ಮದುವೆ ಮಾಡಿಸಿದ ಹಾಗೆ. ಮೇಲಾಗಿ ಸೆಕೆ ಏರಿದಂತೆ ಸೋರಿಕೆಯೂ ಏರಿ ನಾದ ಬದಲಾಗುತ್ತದೆ. ಜನವರಿಯ ಮಡಿಕೇರಿಯಲ್ಲಿ ಹದವಾಗಿದ್ದ ಪೆಡಲ್ ಮೇ ತಿಂಗಳ ಕಲಬುರಗಿಯಲ್ಲಿ ಮುನಿಸಿಕೊಳ್ಳಬಹುದು. ಎಲ್ಲಿ ನುಡಿಸುತ್ತೀರಿ ಎಂಬುದನ್ನೂ ಅವರಿಗೆ ಹೇಳಿ. ಸಿಲಿಕಾನ್ ಆದರೆ ಈ ತಾಪತ್ರಯ ಬಹಳ ಕಡಿಮೆ, ಆದರೆ ಸ್ವಭಾವ ಚೂಪು.

ನಿಮ್ಮದೇ ಗಿಟಾರ್, ನಿಮ್ಮದೇ ಆಂಪ್ ಒಯ್ಯಿರಿ. ಇಂಥ ಫಜ್ ಗಿಟಾರಿನ ಪಿಕಪ್ಪಿಗೆ ಹೊರೆಯಾಗಿ ಕೂರುತ್ತದೆ. ಹಾಗೆ ಕೂರುವುದರಿಂದಲೇ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದಾಗ ಕರ್ಕಶ ಹೋಗಿ ಗಾಜಿನಂಥ ಸ್ವಚ್ಛ ನಾದ ಬರುತ್ತದೆ. ಅವರ ಅಂಗಡಿಯ ಗಿಟಾರಿನಲ್ಲಿ ಕೇಳಿ ಒಪ್ಪಿದ್ದು ನಿಮ್ಮ ಗಿಟಾರಿನಲ್ಲಿ ಹಾಗೇ ಇರಲಾರದು.

ಕೇಳುವಾಗ ಒಂದು ಮೋಸವಿದೆ. ಅಲೆಯ ತಲೆ ಕತ್ತರಿಸಿ ನಾದ ಒರಟಾಗಿಸುವ ಎರಡು ಡಯೋಡ್ ಹೋಲಿಸುತ್ತೀರಿ ಅನ್ನಿ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ಗೆ ಅಲೆಯ ತಲೆ ಕತ್ತರಿಸಿದರೆ ಕೆಂಪು ಎಲ್‌ಇಡಿ ಸುಮಾರು 1.7 ವೋಲ್ಟ್‌ವರೆಗೆ ಬಿಡುತ್ತದೆ. ಎಲ್‌ಇಡಿ ಜೋರಾಗಿ ಕೇಳುತ್ತದೆ, ಜೋರಾದದ್ದೇ ಚೆಂದ ಎಂದು ಕಿವಿಗೆ ಸಾಮಾನ್ಯವಾಗಿ ಅನ್ನಿಸುತ್ತದೆ. ವಾಲ್ಯೂಮ್ ಸರಿಸಮ ಮಾಡಿಸಿ, ಯಾವುದು ಯಾವುದೆಂದು ನೋಡದೆ ಕೇಳಿ. ಒಮ್ಮೆಗೆ ಒಂದೇ ಬದಲಾವಣೆ. ಕೋಣೆಯಲ್ಲಿ ಮೆತ್ತಗೆ ನುಡಿಸಿ ಒಪ್ಪಬೇಡಿ. ಡ್ರಮ್ಸ್ ಪಕ್ಕದಲ್ಲಿ ಅದೇ ಮಂದ್ರ ಗೊಜ್ಜಾಗಿರುತ್ತದೆ.

ತಾಳ್ಮೆಯ ವಿಷಯಕ್ಕೆ ಅಮೆರಿಕದ ಬಿಲ್ ಫಿನೆಗನ್ ನೆನಪಿರಲಿ. ಎಂಐಟಿಯಲ್ಲಿ ಓದಿದ ಎಂಜಿನಿಯರ್ ಒಬ್ಬರ ಜೊತೆ ವರ್ಷಗಟ್ಟಲೆ ತಿದ್ದಿದ ಮೇಲೆ 1994ರಲ್ಲಿ ಅವರ ಕ್ಲಾನ್ ಸೆಂಟಾರ್ ಪೆಡಲ್ ಹೊರಬಂತು. ಕದಿಯುವವರಿಗೆ ಸಿಗದಿರಲೆಂದು ಒಳಗಿನ ಸರ್ಕ್ಯೂಟ್ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಸುರಿದರು. ಆದರೂ ಯಾರೋ ಕೆರೆದು ತೆಗೆದರು. ಇಂದು ಅದರ ನಕಲುಗಳಿಗೆ ಲೆಕ್ಕವಿಲ್ಲ. ಹಾಗಾಗಿ ‘ನಮ್ಮ ಸರ್ಕ್ಯೂಟ್ ಯಾರಿಗೆ ಸೇರಿದ್ದು’ ಎಂಬ ಜಗಳಕ್ಕಿಂತ ಹೆಸರು ಯಾರದ್ದು, ಎಷ್ಟು ಪೆಡಲ್ ಮಾಡುವುದು, ಮಾರಾಟವಾದರೆ ಪಾಲೆಷ್ಟು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಮೇಲು. ಮಾದರಿಗೆ ಹಿಡಿದ ದಿನಗಳಿಗೆ ಅವರಿಗೆ ದುಡ್ಡು ಕೊಡಿ. ದುಡ್ಡು ಕೊಟ್ಟರೆ ‘ಬೇಡ’ ಅನ್ನಲು ನಾಲಿಗೆಯೂ ಏಳುತ್ತದೆ.

ಹೊರಡುವ ಮುನ್ನ ವಿದ್ಯುತ್ತಿನ ಬಗ್ಗೆ ಕೇಳಿ. ಹಳೆಯ ಮಾದರಿಯ, ಪಿಎನ್‌ಪಿ ಎಂಬ ಬಗೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಜ್‌ನಲ್ಲಿ ಪ್ಲಸ್ ತಂತಿಯೇ ಗ್ರೌಂಡ್; ಉಳಿದ ಬಹುತೇಕ ಪೆಡಲ್‌ಗಳಲ್ಲಿ ಮೈನಸ್. ಉಳಿದ ಪೆಡಲ್‌ಗಳಿಗೆ ಕೊಟ್ಟ ಅಡಾಪ್ಟರ್‌ನಿಂದಲೇ ಕವಲು ಎಳೆದು ಇದಕ್ಕೂ ಚುಚ್ಚಿದರೆ ಶಾರ್ಟ್ ಆಗುತ್ತದೆ. 9 ವೋಲ್ಟ್ ಬ್ಯಾಟರಿ ಹಾಕಿ, ನುಡಿಸಿಯಾದ ಮೇಲೆ ಕೇಬಲ್ ಕಿತ್ತಿಡಿ. ಜ್ಯಾಕ್‌ನಲ್ಲಿ ಅದು ಚುಚ್ಚಿಕೊಂಡಿರುವಷ್ಟೂ ಹೊತ್ತು ಬ್ಯಾಟರಿ ಖಾಲಿಯಾಗುತ್ತಿರುತ್ತದೆ.